ಕಾರಾಪುರದ ಹುಡುಗ, ಬಾಗ್ದಾದಿನ ಕಳ್ಳ

ಬೆಂಗಳೂರಿನ ಐಟಿ ಮಂದಿಗೆ ಕಬಿನಿಯನ್ನು ಪರಿಚಯಿಸಬೇಕಾಗಿಲ್ಲ. ಲಾಂಗ್ ವೀಕೆಂಡ್ ಬಂತು ಅಂದ್ರೆ ಟೀಮ್ ಗ್ರೂಪಿನಲ್ಲಿ ಮೊದಲು ಬೀಳೋ ಲಿಂಕೇ ಅದರದ್ದು. ಹಿನ್ನೀರು, ಬೆಳಗಿನ ಸಫಾರಿ, ಅದೃಷ್ಟ ಇದ್ದರೆ ಹುಲಿ, ಇಲ್ಲದಿದ್ದರೆ ಆನೆ ಹಿಂಡು. ಅಲ್ಲಿನ ರೆಸಾರ್ಟುಗಳ ವಿಳಾಸದಲ್ಲಿ ಕಾರಾಪುರ ಅನ್ನೋ ಊರಿನ ಹೆಸರು ಕಾಣಿಸುತ್ತೆ. ಹೆಗ್ಗಡದೇವನಕೋಟೆ ತಾಲ್ಲೂಕು, ಮೈಸೂರು ಜಿಲ್ಲೆ. ನಾವು ಬುಕಿಂಗ್ ಮಾಡುವಾಗ ಆ ಹೆಸರನ್ನು ಓದಿ ಮುಂದೆ ಹೋಗಿಬಿಡ್ತೀವಿ.

ಆ ಊರಿನಲ್ಲಿ ಹುಟ್ಟಿದ ಹುಡುಗನೊಬ್ಬನ ಹೆಸರು ಅಮೆರಿಕದ ಹಾಲಿವುಡ್ ವಾಕ್ ಆಫ್ ಫೇಮ್‌ನಲ್ಲಿ, ಫುಟ್‌ಪಾತಿನ ಮೇಲೆ ಕೂರಿಸಿದ ನಕ್ಷತ್ರವೊಂದರಲ್ಲಿ ಇದೆ. ಹೆಸರು ಸಾಬು. ಹುಟ್ಟಿದ್ದು 1924ರಲ್ಲಿ. ಅಪ್ಪ ಮೈಸೂರು ಮಹಾರಾಜರ ಆನೆಗಳನ್ನು ನೋಡಿಕೊಳ್ಳುತ್ತಿದ್ದ ಮಾವುತ. ಚಿಕ್ಕಂದಿನಲ್ಲೇ ತಬ್ಬಲಿಯಾದ ಈ ಹುಡುಗ ಹದಿಮೂರನೇ ವಯಸ್ಸಿಗೆ ಇಂಗ್ಲೆಂಡಿನಲ್ಲಿ ಸ್ಟಾರ್. ಹದಿನಾರರ ಹೊತ್ತಿಗೆ ಹಾಲಿವುಡ್‌ಗೆ ಕಾಲಿಟ್ಟಾಗಿತ್ತು. ಭಾರತದಲ್ಲಿ ಹುಟ್ಟಿ ಇಂಗ್ಲಿಷ್ ಸಿನಿಮಾಗಳಲ್ಲಿ ದೊಡ್ಡ ಹೆಸರು ಮಾಡಿದ ಮೊದಲಿಗರಲ್ಲಿ ಅವನೂ ಒಬ್ಬ.

ಇದನ್ನು ‘ನಮ್ಮ ಹುಡುಗನ ಸಾಧನೆ’ ಅಂತ ಬರೆದು ಮುಗಿಸಬಹುದಿತ್ತು. ಆದರೆ ಸಾಬುವಿನ ಸಿನಿಮಾಗಳನ್ನ ಒಂದೊಂದಾಗಿ ನೋಡ್ತಾ ಹೋದ ಹಾಗೆ ನನಗೆ ಬೇರೆ ಏನೋ ಕಾಣಿಸೋಕೆ ಶುರುವಾಯ್ತು. ಎಂಜಿನಿಯರ್ ಬುದ್ಧಿ ನೋಡಿ, ಒಂದು ಸ್ಪ್ರೆಡ್‌ಶೀಟ್ ತೆರೆದೆ. ಒಂದು ಕಾಲಮ್ಮಿನಲ್ಲಿ ವರ್ಷ, ಒಂದರಲ್ಲಿ ಸಿನಿಮಾ, ಇನ್ನೊಂದರಲ್ಲಿ ಸಾಬು ಮಾಡಿದ ಪಾತ್ರ ಯಾವ ಊರಿನವನು ಅನ್ನೋದು.

ಆ ಕೊನೆಯ ಕಾಲಮ್ ಓದಿ.

1937, ‘ಎಲಿಫೆಂಟ್ ಬಾಯ್’: ಭಾರತದ ಮಾವುತರ ಹುಡುಗ.
1938, ‘ದಿ ಡ್ರಮ್’: ವಾಯವ್ಯ ಗಡಿ ಪ್ರಾಂತ್ಯದ ರಾಜಕುಮಾರ.
1940, ‘ದಿ ಥೀಫ್ ಆಫ್ ಬಾಗ್ದಾದ್’: ಅರಬ್ ನಾಡಿನ ಪುಟ್ಟ ಕಳ್ಳ.
1942, ‘ಜಂಗಲ್ ಬುಕ್’: ತೋಳಗಳು ಸಾಕಿದ ಮೌಗ್ಲಿ.
1942, ‘ಅರೇಬಿಯನ್ ನೈಟ್ಸ್’: ಮತ್ತೆ ಬಾಗ್ದಾದ್, ಈ ಸಲ ಕಸರತ್ತಿನ ಹುಡುಗ.
1943 ಮತ್ತು 1944, ‘ವೈಟ್ ಸ್ಯಾವೇಜ್’, ‘ಕೋಬ್ರಾ ವುಮನ್’: ಸಮುದ್ರದ ನಡುವಿನ ದ್ವೀಪವಾಸಿ.
1947, ‘ಬ್ಲ್ಯಾಕ್ ನಾರ್ಸಿಸಸ್’: ಹಿಮಾಲಯದ ಯುವ ಜನರಲ್.
1947, ‘ದಿ ಎಂಡ್ ಆಫ್ ದಿ ರಿವರ್’: ಬ್ರೆಜಿಲ್‌ನ ಅಮೆಜಾನ್ ಕಾಡಿನ ಯುವಕ.

ಹತ್ತು ವರ್ಷದಲ್ಲಿ ಒಬ್ಬನೇ ಹುಡುಗ ಮೈಸೂರು, ಪೆಶಾವರದ ಕಡೆ, ಬಾಗ್ದಾದ್, ಪೆಸಿಫಿಕ್ ದ್ವೀಪ, ಹಿಮಾಲಯ, ಅಮೆಜಾನ್ ಎಲ್ಲವೂ ಆಗಿಬಿಟ್ಟ! ನಟನಾದವನು ಹಲವು ಪಾತ್ರ ಮಾಡೋದು ಸಹಜ ಅನ್ನಬಹುದು. ಆದರೆ ಅವನಿಗೆ ಲಂಡನ್ನಿನ ವೈದ್ಯನ ಪಾತ್ರವಾಗಲಿ, ನ್ಯೂಯಾರ್ಕಿನ ಗುಮಾಸ್ತನ ಪಾತ್ರವಾಗಲಿ ಈ ಪಟ್ಟಿಯಲ್ಲಿ ಒಂದೂ ಸಿಗಲಿಲ್ಲ. ಕಂದು ಮೈಬಣ್ಣ, ಬರಿಮೈ ಇಲ್ಲವೇ ತಲೆಗೊಂದು ಪೇಟ, ಪಕ್ಕದಲ್ಲೊಂದು ಪ್ರಾಣಿ. ಇಷ್ಟಿದ್ದರೆ ಅವನು ಪ್ರಪಂಚದ ಯಾವ ಊರಿನವನಾದರೂ ನಡೀತಿತ್ತು.

ಪಶ್ಚಿಮದವರು ಪೂರ್ವವನ್ನು ಹೇಗೆ ನೋಡಿದರು, ಹೇಗೆ ತೋರಿಸಿದರು ಅನ್ನೋದರ ಬಗ್ಗೆ ದಪ್ಪ ದಪ್ಪ ಪುಸ್ತಕಗಳಿವೆ. ನನಗೆ ಅದೆಲ್ಲ ಅರ್ಥ ಆಗಿದ್ದು ಈ ಒಂದು ಕಾಲಮ್ಮಿನಿಂದ.

ಹೆಸರೂ ಅವರದ್ದೇ, ಆನೆಗೂ ಕೂಡ

ಕಥೆ ಶುರುವಾಗೋದು ರಡ್ಯಾರ್ಡ್ ಕಿಪ್ಲಿಂಗ್‌ನಿಂದ. 1865ರಲ್ಲಿ ಮುಂಬೈನಲ್ಲಿ ಹುಟ್ಟಿದವನು. ‘ದಿ ಜಂಗಲ್ ಬುಕ್’ ಪ್ರಕಟವಾಗಿದ್ದು 1894ರಲ್ಲಿ. ಅದನ್ನು ಅವನು ಬರೆದಿದ್ದು ಅಮೆರಿಕದ ವರ್ಮಾಂಟ್‌ನಲ್ಲಿ, ಹಿಮ ಬೀಳುವ ಊರಿನಲ್ಲಿ ಕೂತು. ಆ ಪುಸ್ತಕದಲ್ಲಿ ತೂಮಾಯಿ ಅನ್ನೋ ಮಾವುತರ ಹುಡುಗನ ಕಥೆ ಇದೆ. ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾಗೆ ಅದನ್ನು ಸಿನಿಮಾ ಮಾಡುವ ಆಸೆಯಾಯಿತು. ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ 1935ರಲ್ಲಿ ಮೈಸೂರಿಗೆ ಬಂದಿಳಿದ. ಆನೆ ಹಿಡಿಯುವ ಖೆಡ್ಡಾಕ್ಕೆ ಕಾಕನಕೋಟೆ ಕಾಡು ಹೆಸರುವಾಸಿಯಾಗಿದ್ದ ಕಾಲ ಅದು.

ಫ್ಲಾಹರ್ಟಿ ಸಾಕ್ಷ್ಯಚಿತ್ರಗಳ ದೊಡ್ಡ ಹೆಸರು. 1922ರ ‘ನಾನೂಕ್ ಆಫ್ ದಿ ನಾರ್ತ್’ ಅವನದ್ದೇ. ಅದರಲ್ಲೊಂದು ಗಮನಿಸಬೇಕಾದ ಸಂಗತಿ ಇದೆ. ಉತ್ತರ ಧ್ರುವದ ಕಡೆಯ ಇನ್ಯೂಯಿಟ್ ಜನ ಆ ಹೊತ್ತಿಗಾಗಲೇ ಬೇಟೆಗೆ ಬಂದೂಕು ಬಳಸುತ್ತಿದ್ದರು. ಕ್ಯಾಮೆರಾ ಮುಂದೆ ಮಾತ್ರ ಈಟಿ ಹಿಡಿಸಿದ್ದು ಫ್ಲಾಹರ್ಟಿ. ನೋಡುವವರಿಗೆ ಹಳೆಯ ಕಾಲದ ಮನುಷ್ಯ ಬೇಕಿತ್ತು, ಅವನು ಒದಗಿಸಿದ. ‘ನಾನೂಕ್’ ಅನ್ನೋದು ಕೂಡ ಆ ಬೇಟೆಗಾರನ ನಿಜವಾದ ಹೆಸರಲ್ಲ. ಅವನ ಹೆಸರು ಅಲ್ಲಾಕರಿಯಲ್ಲಾಕ್.

ಮೈಸೂರಿನಲ್ಲೂ ಹೆಚ್ಚುಕಮ್ಮಿ ಅದೇ ಆಯಿತು. ಮಹಾರಾಜರ ಆನೆ ಐರಾವತ ತೆರೆಯ ಮೇಲೆ ‘ಕಾಲಾನಾಗ್’ ಆಯಿತು. ಹುಡುಗನಿಗೆ ಸಾಬು ಅನ್ನೋ ಒಂದೇ ಪದ ಸಾಕಾಯಿತು. ಮುಂದೆ ಎಲ್ಲ ಪುಸ್ತಕಗಳಲ್ಲೂ ಅವನು ‘ಸಾಬು ದಸ್ತಗೀರ್’. ದಸ್ತಗೀರ್ ಅನ್ನೋದು ಅವನ ಜೊತೆ ಇಂಗ್ಲೆಂಡಿಗೆ ಹೋದ ಅಣ್ಣನ ಹೆಸರು, ಹುಡುಗನ ಹೆಸರಲ್ಲಿ ಇದ್ದದ್ದು ಶೇಖ್ ಅನ್ನೋದು ಮುಂದೆ ಸಂಶೋಧಕರು ಎತ್ತಿದ ಮಾತು. ಪಾಸ್‌ಪೋರ್ಟ್ ಅರ್ಜಿಯಲ್ಲಿ ‘ಲಾಸ್ಟ್ ನೇಮ್’ ಅನ್ನೋ ಕಡ್ಡಾಯ ಜಾಗದಲ್ಲಿ ಅಪ್ಪನ ಹೆಸರು ಹಾಕಬೇಕೋ ಊರಿನ ಹೆಸರು ಹಾಕಬೇಕೋ ಅಂತ ತಲೆ ಕೆರೆದುಕೊಂಡ ಯಾವ ಕನ್ನಡಿಗನಿಗಾದರೂ ಇದು ತಕ್ಷಣ ಅರ್ಥ ಆಗುತ್ತೆ.

ಮೈಸೂರಿನಲ್ಲಿ ಫ್ಲಾಹರ್ಟಿ ಗಂಟೆಗಟ್ಟಲೆ ಚಿತ್ರೀಕರಿಸಿದ. ಆಮೇಲೆ ಲಂಡನ್ ಹತ್ತಿರದ ಡೆನ್ಹಮ್ ಸ್ಟುಡಿಯೋದಲ್ಲಿ ಅಲೆಕ್ಸಾಂಡರ್‌ನ ತಮ್ಮ ಜೋಲ್ಟನ್ ಕೋರ್ಡಾ ಕಥೆಯ ಭಾಗಗಳನ್ನು ಚಿತ್ರೀಕರಿಸಿ ಸೇರಿಸಿದ. ಮಚುವಾ ಅಪ್ಪ ಅನ್ನೋ ಹಿರಿಯ ಮಾವುತನ ಪಾತ್ರ ಮಾಡಿದ್ದು ಬಣ್ಣ ಬಳಿದುಕೊಂಡ ಇಂಗ್ಲಿಷ್ ನಟ. 1937ರ ವೆನಿಸ್ ಚಿತ್ರೋತ್ಸವದಲ್ಲಿ ಇಬ್ಬರಿಗೂ ಸೇರಿ ಉತ್ತಮ ನಿರ್ದೇಶಕ ಪ್ರಶಸ್ತಿ ಬಂತು.

ಒಂದು ಮಾತು ಹೇಳಲೇಬೇಕು. ಆ ಸಿನಿಮಾದಲ್ಲಿ ನಮ್ಮ ಕಾಡು, ನಮ್ಮ ಆನೆ, ನಮ್ಮ ಮಾವುತರು ಇರುವ ದೃಶ್ಯಗಳು ಇವತ್ತಿಗೂ ಅಮೂಲ್ಯ. ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ ನಡೆದಿದ್ದು 1971ರಲ್ಲಿ. ಆಮೇಲೆ ಕಬಿನಿ ಅಣೆಕಟ್ಟಿನ ನೀರು ಆ ಜಾಗವನ್ನೇ ಮುಳುಗಿಸಿತು. ನಾವು ಇವತ್ತು ಬೋಟ್ ಸಫಾರಿ ಮಾಡೋದು ಅದೇ ನೀರಿನ ಮೇಲೆ. ಹಾಗಾಗಿ ‘ಬಿಳಿಯರು ಮಾಡಿದ್ದೆಲ್ಲ ಸುಳ್ಳು’ ಅಂತ ಕೈತೊಳೆದುಕೊಳ್ಳೋಕೆ ನನಗೆ ಆಗಲ್ಲ. ದೃಶ್ಯ ನಿಜದ್ದೇ. ಅದನ್ನು ಯಾವ ಕಥೆಯೊಳಗೆ ಕೂರಿಸಿದರು ಅನ್ನೋದು ಪ್ರಶ್ನೆ.

ಡಿಫಾಲ್ಟ್ ವ್ಯಾಲ್ಯೂ ಬಂದಿದ್ದು ಎಲ್ಲಿಂದ?

ಕೋಡ್ ಬರೆಯುವವರಿಗೆ ಇದು ಗೊತ್ತು. ಬಳಕೆದಾರ ಏನನ್ನೂ ತುಂಬದೇ ಬಿಟ್ಟ ಕಡೆ ಪ್ರೋಗ್ರಾಂ ತಾನೇ ಒಂದು ಡಿಫಾಲ್ಟ್ ವ್ಯಾಲ್ಯೂ ತುಂಬಿಕೊಳ್ಳುತ್ತೆ. ಯಾರೋ ಒಬ್ಬರು, ಯಾವತ್ತೋ ಬರೆದಿಟ್ಟಿದ್ದು. ಅದನ್ನು ಯಾರೂ ತೆಗೆದು ನೋಡಲ್ಲ, ಆದರೆ ಎಲ್ಲ ಕಡೆ ಅದೇ ಓಡ್ತಾ ಇರುತ್ತೆ. ‘ಪೂರ್ವ’ ಅನ್ನೋದಕ್ಕೆ ಪಶ್ಚಿಮದಲ್ಲಿ ಇಂಥ ಡಿಫಾಲ್ಟುಗಳನ್ನು ಬರೆದವರು ಬಹಳ ಜನ. ಮೂವರನ್ನಷ್ಟೇ ಹೇಳ್ತೀನಿ.

ಮೊದಲನೆಯವನು ಜೇಮ್ಸ್ ಮಿಲ್. 1817ರಲ್ಲಿ ‘ದಿ ಹಿಸ್ಟರಿ ಆಫ್ ಬ್ರಿಟಿಷ್ ಇಂಡಿಯಾ’ ಬರೆದ. ಅವನು ಭಾರತಕ್ಕೆ ಯಾವತ್ತೂ ಬರಲಿಲ್ಲ, ಇಲ್ಲಿನ ಭಾಷೆಗಳನ್ನೂ ಕಲಿತಿರಲಿಲ್ಲ. ಅದನ್ನು ಮುಚ್ಚಿಡೋದು ಹಾಗಿರಲಿ, ಅದೇ ತನ್ನ ಅನುಕೂಲ ಅಂತ ಮುನ್ನುಡಿಯಲ್ಲಿ ವಾದಿಸಿದ. ಇಂಗ್ಲೆಂಡಿನ ಕೋಣೆಯಲ್ಲಿ ಒಂದು ವರ್ಷ ಕೂತು ಕಾಗದಪತ್ರ ಓದಿದವನಿಗೆ, ಜೀವನಪೂರ್ತಿ ಭಾರತದಲ್ಲಿ ಕಣ್ಣು ಕಿವಿ ಬಿಟ್ಟುಕೊಂಡಿದ್ದವನಿಗಿಂತ ಹೆಚ್ಚು ತಿಳಿಯುತ್ತೆ ಅನ್ನೋದು ಅವನ ಮಾತಿನ ಸಾರ. 1819ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅವನಿಗೆ ಕೆಲಸ ಕೊಟ್ಟಿತು. ಭಾರತವನ್ನು ಆಳಲು ಬರುವ ಕಂಪನಿ ಅಧಿಕಾರಿಗಳನ್ನು ತಯಾರು ಮಾಡುತ್ತಿದ್ದ ಕಾಲೇಜಿನಲ್ಲಿ ಅವನ ಪುಸ್ತಕವನ್ನೇ ಓದಿಸುತ್ತಿದ್ದರು. ಅಂದರೆ ಆ ಹುಡುಗರು ಹಡಗು ಹತ್ತುವ ಮೊದಲೇ ಭಾರತ ಏನು ಅನ್ನೋ ಉತ್ತರ ಅವರ ಕೈಯಲ್ಲಿತ್ತು.

ಎರಡನೆಯವನು ಫ್ರಾನ್ಸಿನ ಚಿತ್ರಕಾರ ಜೆರೋಮ್. ಸುಮಾರು 1879ರಲ್ಲಿ ಅವನು ಬಿಡಿಸಿದ ‘ದಿ ಸ್ನೇಕ್ ಚಾರ್ಮರ್’ ನೀವೂ ಎಲ್ಲೋ ನೋಡಿರ್ತೀರಿ. ಹಾವು ಸುತ್ತಿಕೊಂಡ ಬೆತ್ತಲೆ ಹುಡುಗ, ಹಿಂದೆ ನೀಲಿ ಹೆಂಚಿನ ಗೋಡೆ, ಗೋಡೆಗೆ ಒರಗಿ ಕೂತ ಜನ. ಪ್ರತಿಯೊಂದು ಹೆಂಚೂ ಫೋಟೊ ತೆಗೆದಷ್ಟು ಸ್ಪಷ್ಟ. ಗೋಡೆ ಇಸ್ತಾಂಬುಲ್‌ನ ಟೋಪ್ಕಾಪಿ ಅರಮನೆಯನ್ನು ನೋಡಿ ಬರೆದದ್ದು. ಅದರ ಮುಂದೆ ಬೇರೆ ಬೇರೆ ದೇಶಗಳ ಬಟ್ಟೆ, ಆಯುಧ, ಆಟ ಎಲ್ಲವನ್ನೂ ತಂದು ಸೇರಿಸಿದ. ಇಂಥ ದೃಶ್ಯ ಆ ಅರಮನೆಯಲ್ಲಿ ನಡೆದದ್ದೇ ಅಲ್ಲ. ಆದರೆ ಹೆಂಚು ಅಷ್ಟು ನಿಜ ಕಾಣಿಸಿದ ಮೇಲೆ ಉಳಿದದ್ದನ್ನು ಯಾರು ಅನುಮಾನಿಸ್ತಾರೆ?

ಮೂರನೆಯದು ನಮ್ಮ ವಾಟ್ಸಾಪ್ ಕಾಲಕ್ಕೆ ಹೇಳಿ ಮಾಡಿಸಿದ ಕಥೆ. ಹಗ್ಗವನ್ನು ಆಕಾಶಕ್ಕೆ ಎಸೆದು, ಹುಡುಗ ಅದನ್ನು ಹತ್ತಿ ಮಾಯವಾಗುವ ‘ಇಂಡಿಯನ್ ರೋಪ್ ಟ್ರಿಕ್’ ಕೇಳಿರ್ತೀರಿ. ಈ ಆಟ ಜಗತ್ಪ್ರಸಿದ್ಧವಾಗಿದ್ದು 1890ರ ಆಗಸ್ಟ್‌ನಲ್ಲಿ ಅಮೆರಿಕದ ಷಿಕಾಗೋ ಪತ್ರಿಕೆಯೊಂದರಲ್ಲಿ ಬಂದ ವರದಿಯಿಂದ. ಇಬ್ಬರು ಅಮೆರಿಕನ್ನರು ಭಾರತದಲ್ಲಿ ಇದನ್ನು ಕಣ್ಣಾರೆ ಕಂಡರು, ಫೋಟೊ ತೆಗೆದರೆ ಅದರಲ್ಲಿ ಹಗ್ಗವೂ ಇಲ್ಲ ಹುಡುಗನೂ ಇಲ್ಲ ಅಂತ ಕಥೆ. ಬರೆದವನ ಹೆಸರು ಎಸ್. ಎಲ್ಮೋರ್. ಬೇಗ ಬೇಗ ಹೇಳಿ ನೋಡಿ, ‘ಸೆಲ್ ಮೋರ್’ ಅಂತ ಕೇಳಿಸುತ್ತೆ. ಪತ್ರಿಕೆ ಹೆಚ್ಚು ಮಾರಾಟ ಆಗಲಿ ಅಂತ ಹೆಣೆದ ಕಟ್ಟುಕಥೆ ಇದು ಅಂತ ನಾಲ್ಕು ತಿಂಗಳ ನಂತರ ಪತ್ರಿಕೆಯೇ ಒಪ್ಪಿಕೊಂಡಿತು. ಸುಳ್ಳು ದೇಶದೇಶ ಸುತ್ತಿತು, ತಿದ್ದುಪಡಿ ಮೂಲೆಯಲ್ಲೇ ಉಳಿಯಿತು. ಆಮೇಲೆ ದಶಕಗಳ ಕಾಲ ‘ನಾನೂ ನೋಡಿದೆ’ ಅನ್ನುವವರು ಹುಟ್ಟಿಕೊಳ್ಳುತ್ತಲೇ ಇದ್ದರು.

ಈ ಎಲ್ಲವನ್ನೂ ಒಂದು ದಾರದಲ್ಲಿ ಪೋಣಿಸಿ ತೋರಿಸಿದವರು ಎಡ್ವರ್ಡ್ ಸಯೀದ್. ಜೆರುಸಲೆಮ್‌ನಲ್ಲಿ ಹುಟ್ಟಿದ ಪ್ಯಾಲೆಸ್ಟೈನ್ ಮೂಲದವರು, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯದ ಪ್ರಾಧ್ಯಾಪಕರು. 1978ರ ಅವರ ‘ಓರಿಯೆಂಟಲಿಸಂ’ ಪುಸ್ತಕದ ಮುಖಪುಟದಲ್ಲಿ ಇದ್ದದ್ದು ಜೆರೋಮ್‌ನ ಅದೇ ಹಾವಾಡಿಗ ಹುಡುಗನ ಚಿತ್ರ. ಅವರ ವಾದವನ್ನು ನನ್ನ ಭಾಷೆಯಲ್ಲಿ ಹೇಳೋದಾದ್ರೆ ಹೀಗೆ: ಪಶ್ಚಿಮದ ಪುಸ್ತಕ, ಚಿತ್ರ, ವರದಿಗಳು ಒಂದನ್ನೊಂದು ನೋಡಿ ಬರೆದುಕೊಳ್ಳುತ್ತಾ ‘ಪೂರ್ವ’ ಅನ್ನೋ ಒಂದು ಅಚ್ಚನ್ನು ತಯಾರು ಮಾಡಿದವು. ಅಲ್ಲಿನವರು ಬದಲಾಗದವರು, ಮುಗ್ಧರು ಇಲ್ಲವೇ ಕ್ರೂರಿಗಳು, ತಮ್ಮನ್ನು ತಾವು ಆಳಿಕೊಳ್ಳಲಾರದವರು. ಈ ಅಚ್ಚು ಇದ್ದಿದ್ದರಿಂದ ಅವರನ್ನು ಆಳೋದು ಉಪಕಾರದ ಕೆಲಸದ ಹಾಗೆ ಕಂಡಿತು.

ಸಾಬು ಬೆಳ್ಳಿತೆರೆಗೆ ಬರುವ ಹೊತ್ತಿಗೆ ಆ ಅಚ್ಚಿಗೆ ನೂರು ವರ್ಷ ಮೀರಿತ್ತು. ಅವನನ್ನು ತಂದು ಅದರೊಳಗೆ ಕೂರಿಸಿದರು, ಅಷ್ಟೇ.

ಅದೇ ವರ್ಷ ಇನ್ನೊಂದು ಪುಸ್ತಕ

ಇಲ್ಲಿ ಒಂದು ಕಾಕತಾಳೀಯವನ್ನು ಹೇಳದೇ ಮುಂದೆ ಹೋಗೋಕೆ ಮನಸ್ಸಾಗಲ್ಲ. ‘ಜಂಗಲ್ ಬುಕ್’ ಬಂದ 1894ರಲ್ಲೇ ಮಂಗಳೂರಿನಲ್ಲಿ ಇನ್ನೊಂದು ಪುಸ್ತಕ ಅಚ್ಚಾಯಿತು. ಫರ್ಡಿನೆಂಡ್ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು. ಸುಮಾರು 70,000 ಪದಗಳದ್ದು. ಕಿಟ್ಟೆಲ್ ಜರ್ಮನಿಯವರು, ಬಾಸೆಲ್ ಮಿಷನ್‌ನಿಂದ ಬಂದ ಪಾದ್ರಿ. ಬಂದ ಉದ್ದೇಶ ಧರ್ಮಪ್ರಚಾರ, ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಒಂದು ಪದದ ಅರ್ಥ ಬೇಕಾದರೆ ಅವರು ಹಳಗನ್ನಡ ಕಾವ್ಯ ತೆರೆದರು, ಗಾದೆ ಹುಡುಕಿದರು, ಜನರನ್ನು ಕೇಳಿದರು. ಇಂಗ್ಲೆಂಡಿನ ಕೋಣೆಯಲ್ಲಿ ಕೂತು ಆ ಕೆಲಸ ಆಗುತ್ತಿರಲಿಲ್ಲ.

ಮಿಲ್ ಮತ್ತು ಕಿಟ್ಟೆಲ್ ಇಬ್ಬರೂ ಯೂರೋಪಿನವರೇ. ಇಬ್ಬರಿಗೂ ತಮ್ಮದೇ ಆದ ಉದ್ದೇಶ ಇತ್ತು. ಒಬ್ಬ ಕೇಳದೇ ಉತ್ತರ ಬರೆದ, ಇನ್ನೊಬ್ಬರು ವರ್ಷಗಟ್ಟಲೆ ಕೇಳುತ್ತಲೇ ಇದ್ದರು. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಕಡೆ ಹೋದರೆ ಕಿಟ್ಟೆಲ್ ಪ್ರತಿಮೆ ಇವತ್ತಿಗೂ ಕಾಣುತ್ತೆ. ನಾವು ಯಾರನ್ನು ನೆನಪಿಟ್ಟುಕೊಂಡಿದ್ದೀವಿ ಅನ್ನೋದರಲ್ಲೇ ಒಂದು ತೀರ್ಪು ಇದೆ ಅನ್ನಿಸುತ್ತೆ.

ತೆರೆಯ ಆಚೆ ಒಬ್ಬ ಮನುಷ್ಯ

ಸಾಬುವಿನ ಎರಡನೇ ಸಿನಿಮಾ ‘ದಿ ಡ್ರಮ್’. ಬ್ರಿಟಿಷರಿಗೆ ನಿಷ್ಠನಾದ ಪುಟ್ಟ ರಾಜಕುಮಾರ ಒಳ್ಳೆಯವನು, ಅವರ ವಿರುದ್ಧ ಎದ್ದವನು ಕ್ರೂರಿ. ಆ ಕ್ರೂರಿಯಾಗಿ ಮೈಗೆ ಬಣ್ಣ ಬಳಿದುಕೊಂಡು ನಟಿಸಿದ್ದು ಕೆನಡಾ ಮೂಲದ ರೇಮಂಡ್ ಮ್ಯಾಸಿ. 1938ರಲ್ಲಿ ಈ ಸಿನಿಮಾ ಮುಂಬೈಗೆ ಬಂದಾಗ ಜನ ಬೀದಿಗಿಳಿದರು, ಪ್ರದರ್ಶನ ನಿಲ್ಲಿಸಬೇಕಾಯಿತು. ಆ ಕಾಲದ ಪ್ರೇಕ್ಷಕರು ಏನೂ ತಿಳಿಯದೇ ನೋಡುತ್ತಿದ್ದರು ಅಂತ ಅಂದುಕೊಳ್ಳಬೇಡಿ. ತಮ್ಮನ್ನು ಹೇಗೆ ತೋರಿಸ್ತಿದ್ದಾರೆ ಅನ್ನೋದು ಅವರಿಗೆ ಚೆನ್ನಾಗೇ ಅರ್ಥ ಆಗಿತ್ತು.

‘ದಿ ಥೀಫ್ ಆಫ್ ಬಾಗ್ದಾದ್’ ಮೂರು ಆಸ್ಕರ್ ಗೆದ್ದಿತು. ಸಾಬು ಅದರ ಜೀವಾಳ. ಆದರೆ ಅದರ ಅರಬ್ ರಾಜ, ರಾಜಕುಮಾರಿ, ಖಳ ಮಂತ್ರಿ ಎಲ್ಲರೂ ಯೂರೋಪಿನ ನಟರು. ಪ್ರೇಮಕಥೆ ಅವರದ್ದು. ಸಾಬುವಿನ ಪಾಲಿಗೆ ಬಂದಿದ್ದು ಹಾರುವ ಚಾಪೆ.

1942ರ ‘ಜಂಗಲ್ ಬುಕ್’ನ ಭಾರತದ ಕಾಡು ಕ್ಯಾಲಿಫೋರ್ನಿಯಾದಲ್ಲಿ ತಯಾರಾಯಿತು. 1947ರ ‘ಬ್ಲ್ಯಾಕ್ ನಾರ್ಸಿಸಸ್’ನ ಹಿಮಾಲಯ ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೋದಲ್ಲಿ, ಗಾಜಿನ ಮೇಲೆ ಬಿಡಿಸಿದ ಚಿತ್ರಗಳಲ್ಲಿ ಎದ್ದು ನಿಂತಿತು. ಛಾಯಾಗ್ರಹಣಕ್ಕೂ ಕಲಾ ನಿರ್ದೇಶನಕ್ಕೂ ಆಸ್ಕರ್ ಬಂತು. ನೋಡೋಕೆ ಅದ್ಭುತ, ನಾನು ಎರಡು ಸಲ ನೋಡಿದ್ದೀನಿ. ಆದರೆ ಅದರಲ್ಲಿ ಹದಿಹರೆಯದ ಭಾರತೀಯ ಹುಡುಗಿಯಾಗಿ ನಟಿಸಿದ್ದು ಮುಖಕ್ಕೆ ಕಂದು ಬಣ್ಣ ಬಳಿದುಕೊಂಡ ಜೀನ್ ಸಿಮನ್ಸ್.

ತೆರೆಯ ಆಚೆ ಸಾಬುವಿನ ಬದುಕು ಯಾವ ಅಚ್ಚಿಗೂ ಹೊಂದುವಂಥದ್ದಲ್ಲ. 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಭಗತ್ ಸಿಂಗ್ ಥಿಂಡ್ ಅನ್ನುವವರ ಮೊಕದ್ದಮೆಯಲ್ಲಿ, ಭಾರತೀಯರು ‘ಬಿಳಿಯರು’ ಅಲ್ಲ, ಹಾಗಾಗಿ ಪೌರತ್ವ ಪಡೆಯುವಂತಿಲ್ಲ ಅಂತ ತೀರ್ಪು ಕೊಟ್ಟಿತ್ತು. ಆ ಬಾಗಿಲನ್ನು ಕಾನೂನು ತೆರೆದಿದ್ದು 1946ರಲ್ಲಿ. ಅದಕ್ಕೂ ಮೊದಲೇ, ಯುದ್ಧದ ನಡುವೆ, 1944ರಲ್ಲಿ ಸಾಬು ಅಮೆರಿಕದ ಪ್ರಜೆಯಾದ. ವಾಯುಪಡೆ ಸೇರಿ ಬಿ-24 ಬಾಂಬರ್ ವಿಮಾನದಲ್ಲಿ ಗನ್ನರ್ ಆಗಿ ಪೆಸಿಫಿಕ್ ಮೇಲೆ ಹಾರಿದ. ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಪಡೆದ. ಯುದ್ಧ ಮುಗಿಸಿ ಬಂದ ಈ ಸೈನಿಕನಿಗೆ ಸಿನಿಮಾದವರು ಕೊಟ್ಟಿದ್ದು ಮತ್ತೆ ಅದೇ ಪೇಟ, ಅದೇ ಕಾಡು. ಹುಡುಗನ ಮುಖ ಗಂಡಸಿನ ಮುಖವಾಗಿತ್ತು, ಗಂಡಸಿಗೆ ಬರೆದ ಪಾತ್ರ ಅವರ ಹತ್ತಿರ ಇರಲಿಲ್ಲ. 1950ರ ದಶಕದಲ್ಲಿ ಇಂಗ್ಲೆಂಡಿನ ಸರ್ಕಸ್ಸಿನಲ್ಲಿ ಆನೆಗಳ ಜೊತೆ ಆಟ ತೋರಿಸಿದ.

ಅವನಿಗೆ ತಾಯ್ನಾಡಿನ ಬಾಗಿಲೂ ಒಮ್ಮೆ ಅರ್ಧ ತೆರೆದಿತ್ತು. ಮೆಹಬೂಬ್ ಖಾನ್ ‘ಮದರ್ ಇಂಡಿಯಾ’ಗೆ ಬಿರ್ಜು ಪಾತ್ರಕ್ಕೆ ಸಾಬುವನ್ನು ಯೋಚಿಸಿದ್ದರು. ಅವನು ಮುಂಬೈಗೆ ಬಂದು ಕಾದ. ಚಿತ್ರೀಕರಣ ತಡವಾಯಿತು, ಅಮೆರಿಕದ ಪ್ರಜೆಯಾದ ಅವನಿಗೆ ಕೆಲಸದ ಪರವಾನಗಿಯೂ ಕೈಗೂಡಲಿಲ್ಲ. ಪಾತ್ರ ಸುನಿಲ್ ದತ್ ಪಾಲಾಯಿತು. ಅಮೆರಿಕಕ್ಕೆ ಅವನು ತೀರಾ ಭಾರತೀಯ, ಭಾರತದ ಕಾಗದಪತ್ರಕ್ಕೆ ವಿದೇಶಿ. ವೀಸಾ ಸ್ಟ್ಯಾಂಪಿಂಗ್‌ಗೆ ಸಾಲಿನಲ್ಲಿ ನಿಂತವರಿಗೆ ಈ ಸಾಲು ಓದಿ ಹೊಟ್ಟೆಯಲ್ಲಿ ಏನೋ ಆಗಿರುತ್ತೆ.

1963ರ ಡಿಸೆಂಬರ್ 2ರಂದು ಹೃದಯಾಘಾತದಿಂದ ತೀರಿಕೊಂಡ. ವಯಸ್ಸು 39.

ಇದೆಲ್ಲ ಹಳೇ ಕಥೆ ಅಂದ್ಕೊಂಡ್ರಾ?

1992ರಲ್ಲಿ ಡಿಸ್ನಿಯ ‘ಅಲ್ಲಾದೀನ್’ ಬಂತು. ನಮ್ಮ ಪೀಳಿಗೆಯವರು ಟಿವಿಯಲ್ಲಿ ನೋಡಿ ಬೆಳೆದದ್ದು. ಅದರ ಖಳ ಮಂತ್ರಿಯ ಹೆಸರು ಜಾಫರ್, 1940ರ ಸಿನಿಮಾದಲ್ಲಿದ್ದ ಹೆಸರೇ. ‘ಥೀಫ್ ಆಫ್ ಬಾಗ್ದಾದ್’ನಲ್ಲಿ ಸಾಬು ಮಾಡಿದ ಕಳ್ಳನ ಹೆಸರು ಅಬು. ಡಿಸ್ನಿಯಲ್ಲಿ ಅಬು ಯಾರು ಗೊತ್ತಲ್ಲ? ಅಲ್ಲಾದೀನನ ಹೆಗಲ ಮೇಲಿನ ಕೋತಿ. ಇದು ಯಾರೂ ದ್ವೇಷದಿಂದ ಮಾಡಿದ್ದಲ್ಲ. ಅಚ್ಚಿನ ಕೆಲಸವೇ ಹಾಗೆ, ಒಳಗೆ ಇದ್ದ ಮನುಷ್ಯ ಯಾರು ಅಂತ ಯಾರಿಗೂ ನೆನಪಿರಲ್ಲ.

ಕಳೆದ ವರ್ಷ ಒಂದು ಪ್ರೆಸೆಂಟೇಷನ್‌ಗೆ ಚಿತ್ರ ಬೇಕಿತ್ತು. ಎಐ ಚಿತ್ರ ಬಿಡಿಸುವ ಟೂಲ್ ಒಂದರಲ್ಲಿ ‘ಮೈಸೂರಿನ ಹತ್ತು ವರ್ಷದ ಹುಡುಗ’ ಅಂತ ಟೈಪ್ ಮಾಡಿದೆ. ನಾಲ್ಕು ಚಿತ್ರ ಬಂತು. ಮೂರರಲ್ಲಿ ಹುಡುಗನ ತಲೆಗೆ ಪೇಟ, ಎರಡರಲ್ಲಿ ಹಿಂದೆ ಆನೆ, ಎಲ್ಲದಕ್ಕೂ ಧೂಳು ಹಿಡಿದಂಥ ಹಳದಿ ಬೆಳಕು. ಆಮೇಲೆ ‘ಟೆಕ್ಸಸ್‌ನ ಹತ್ತು ವರ್ಷದ ಹುಡುಗ’ ಅಂತ ಹಾಕಿದೆ. ಬೆನ್ನಿಗೆ ಬ್ಯಾಗು, ಕೈಯಲ್ಲಿ ಬಾಸ್ಕೆಟ್‌ಬಾಲ್, ಹಿಂದೆ ಶಾಲೆ. ಮೈಸೂರಿನಲ್ಲಿ ಶಾಲೆಗಳು ಇಲ್ವಾ? ಯಂತ್ರಕ್ಕೆ ಕೆಟ್ಟ ಉದ್ದೇಶ ಇಲ್ಲ. ಅದಕ್ಕೆ ಓದಿಸಿದ ಕೋಟಿಗಟ್ಟಲೆ ಚಿತ್ರ ಮತ್ತು ಬರಹದಲ್ಲಿ ಏನು ಹೆಚ್ಚು ಇತ್ತೋ ಅದನ್ನೇ ಅದು ವಾಪಸ್ ಕೊಡುತ್ತೆ. ಪೇಟ ಕಟ್ಟಿದ ಆ ಹುಡುಗ ‘ಎಲಿಫೆಂಟ್ ಬಾಯ್’ ಪೋಸ್ಟರಿನಿಂದ ಎದ್ದು ಬಂದ ಹಾಗಿದ್ದ.

ಇನ್ನೂ ಮಜಾ ಅಂದ್ರೆ, 2016ರ ‘ದಿ ಜಂಗಲ್ ಬುಕ್’. ಚಿತ್ರೀಕರಣ ನಡೆದಿದ್ದು ಲಾಸ್ ಏಂಜಲೀಸ್‌ನ ಸ್ಟುಡಿಯೋದಲ್ಲಿ. ಕಾಡು ಪೂರ್ತಿ ಕಂಪ್ಯೂಟರ್ ಗ್ರಾಫಿಕ್ಸ್. ಆ ಕಾಡಿನ ಎಲೆ, ಪ್ರಾಣಿಗಳ ಕೂದಲು, ನೆರಳು ಇವನ್ನೆಲ್ಲ ಮಾಡಿದವರಲ್ಲಿ ಬೆಂಗಳೂರಿನ ಕಲಾವಿದರೂ ಇದ್ದರು. ವಿಷುವಲ್ ಎಫೆಕ್ಟ್ಸ್‌ಗೆ ಅದಕ್ಕೆ ಆಸ್ಕರ್ ಬಂತು. ಕ್ಯಾಲಿಫೋರ್ನಿಯಾದ ಸೆಟ್‌ನಿಂದ ಬೆಂಗಳೂರಿನ ಡೆಸ್ಕಿಗೆ ಬರೋಕೆ ಮೌಗ್ಲಿಯ ಕಾಡಿಗೆ 74 ವರ್ಷ ಹಿಡಿಯಿತು. ನಮ್ಮ ಕೈ ಪಳಗಿದೆ, ಅದು ಹೆಮ್ಮೆಯ ವಿಷಯವೇ. ಯಾರ ಕಥೆ ಹೇಳಬೇಕು ಅಂತ ನಿರ್ಧರಿಸುವ ಮೀಟಿಂಗಿನಲ್ಲಿ ಮಾತ್ರ ನಾವು ಇನ್ನೂ ಅಪರೂಪ.

‘ಮಾಮ, ನಿಮ್ಮನೇಲಿ ಆನೆ ಇದ್ಯಾ?’

ನನ್ನ ಅಕ್ಕ ಇರೋದು ಡಲ್ಲಾಸ್‌ನಲ್ಲಿ. ಅವಳ ಮಗಳಿಗೆ ಎಂಟು ವರ್ಷ. ಒಂದು ಭಾನುವಾರ ವಿಡಿಯೋ ಕಾಲ್‌ನಲ್ಲಿ ಕೇಳಿದಳು, ‘ಮಾಮ, ನಿಮ್ಮನೇಲಿ ಆನೆ ಇದ್ಯಾ?’

‘ಇಲ್ಲ ಪುಟ್ಟಿ. ಸ್ಕೂಟರ್ ನಿಲ್ಲಿಸೋಕೇ ಜಾಗ ಇಲ್ಲ’ ಅಂದೆ.

ಅವಳು ನಗಲಿಲ್ಲ. ಕ್ಲಾಸಿನಲ್ಲಿ ಒಬ್ಬ ಹುಡುಗ ಕೇಳಿದ್ದನಂತೆ. ಇವಳಿಗೆ ಏನು ಹೇಳಬೇಕು ಅಂತ ಗೊತ್ತಾಗಲಿಲ್ಲವಂತೆ. ಶಾಲೆಯಲ್ಲಿ ಎಲ್ಲರೂ ತಮ್ಮ ಅಜ್ಜ ಅಜ್ಜಿಯ ದೇಶದ ಬಗ್ಗೆ ಚಾರ್ಟ್ ಮಾಡಬೇಕಿತ್ತು. ಇವಳು ಇಂಟರ್‌ನೆಟ್ಟಿನಿಂದ ತೆಗೆದು ಇಟ್ಟುಕೊಂಡಿದ್ದು ತಾಜ್ ಮಹಲ್, ಆನೆ, ಹಾವಾಡಿಗ. ‘ಇದನ್ನ ಅಂಟಿಸಿದ್ರೆ ಅವನು ಇನ್ನೂ ಜಾಸ್ತಿ ಕೇಳ್ತಾನೆ. ಅಂಟಿಸದೇ ಇದ್ರೆ ಇದು ಇಂಡಿಯಾನೇ ಅಲ್ಲ ಅಂತಾರೆ’ ಅಂದಳು. ಎಂಟು ವರ್ಷದ ಮಗು! ಸಾಬು ಜೀವನಪೂರ್ತಿ ಸಿಕ್ಕಿಹಾಕಿಕೊಂಡ ಇಕ್ಕಟ್ಟನ್ನು ಎರಡು ವಾಕ್ಯದಲ್ಲಿ ಹೇಳಿಬಿಟ್ಟಳು.

ಅವಳಿಗೆ ಸಾಬುವಿನ ಕಥೆ ಹೇಳಿದೆ. ಪೂರ್ತಿ ಕೇಳಿ ಒಂದು ಪ್ರಶ್ನೆ ಕೇಳಿದಳು: ‘ಅವನು ಮನೇಲಿ ಯಾವ ಭಾಷೆ ಮಾತಾಡ್ತಿದ್ದ?’

ಅಷ್ಟೂ ಸಿನಿಮಾಗಳಲ್ಲಿ ಒಬ್ಬರೂ ಕೇಳದ ಪ್ರಶ್ನೆ ಅದು. ಮೈಸೂರು ಕಡೆಯ ಮುಸ್ಲಿಂ ಮನೆಗಳಲ್ಲಿ ಸಾಮಾನ್ಯವಾಗಿ ದಖನಿ ಉರ್ದು ಆಡ್ತಾರೆ, ಊರಿನ ಜೊತೆ ಕನ್ನಡ, ಮಾವುತರಿಗೆ ಆನೆಗಳ ಜೊತೆ ಬೇರೆಯೇ ಮಾತು ಇರುತ್ತೆ ಅಂತ ಹೇಳಿದೆ. ‘ಮೂರು ಭಾಷೆನಾ!’ ಅಂದಳು. ಚಾರ್ಟಿನಲ್ಲಿ ಹಾವಾಡಿಗನ ಜಾಗಕ್ಕೆ ನಮ್ಮ ಅಮ್ಮನ ಫೋಟೊ ಬಂತು, ಅಡುಗೆಮನೆಯಲ್ಲಿ ಇಡ್ಲಿ ತೆಗೀತಾ ಮೊಬೈಲಿನಲ್ಲಿ ಮಾತಾಡ್ತಿರೋದು. ಆನೆ ಹಾಗೇ ಉಳಿಯಿತು. ಅದರ ಕೆಳಗೆ ಅವಳೇ ಬರೆದಳು: ‘ಇದರ ಹೆಸರು ಐರಾವತ.’

ಕನ್ನಡಿ ನಮ್ಮ ಕಡೆಗೂ ತಿರುಗಲಿ

ಪಶ್ಚಿಮವನ್ನು ಬೈದು ಮೊಬೈಲ್ ಕೆಳಗಿಡೋದು ಸುಲಭ. ಆದರೆ ಅಚ್ಚು ಹೊಯ್ಯುವ ಕೆಲಸ ನಮಗೂ ಚೆನ್ನಾಗೇ ಬರುತ್ತೆ. ದಕ್ಷಿಣದವರೆಲ್ಲ ‘ಮದ್ರಾಸಿ’ ಅಂದ್ರೆ ನಮಗೆ ಉರಿಯುತ್ತೆ. ಅದೇ ನಾವು ಮಣಿಪುರ, ನಾಗಾಲ್ಯಾಂಡ್, ಅಸ್ಸಾಂ ಎಲ್ಲವನ್ನೂ ‘ನಾರ್ತ್ ಈಸ್ಟ್’ ಅನ್ನೋ ಒಂದೇ ಡಬ್ಬಿಗೆ ತುಂಬ್ತೀವಿ. ಹಳೆಯ ಕನ್ನಡ ಸಿನಿಮಾಗಳ ಕಾಡುಜನರನ್ನು ನೆನಪಿಸಿಕೊಳ್ಳಿ. ಎಲೆ ಸುತ್ತಿಕೊಂಡು, ಈಟಿ ಹಿಡಿದು, ಬೆಂಕಿಯ ಸುತ್ತ ಕುಣಿಯೋರು. ಉತ್ತರ ಕರ್ನಾಟಕದ ಮಾತು ತೆರೆಯ ಮೇಲೆ ಬಂದರೆ ನಗಿಸೋಕೇ ಬರಬೇಕು.

ಕಬಿನಿಯ ಸುತ್ತಮುತ್ತ ಜೇನುಕುರುಬರೂ ಕಾಡುಕುರುಬರೂ ಇದ್ದಾರೆ. ಆನೆಗಳ ವಿದ್ಯೆ ಬಲ್ಲ ಮಾವುತರು, ಕಾವಾಡಿಗಳು ಅವರಲ್ಲಿ ಇವತ್ತಿಗೂ ಬಹಳ ಜನ. ನಮ್ಮ ವೀಕೆಂಡ್ ರೀಲ್ಸ್‌ನಲ್ಲಿ ಅವರು ಹೇಗೆ ಬರ್ತಾರೆ? ರೆಸಾರ್ಟಿನ ಕ್ಯಾಂಪ್‌ಫೈರ್ ಪಕ್ಕದ ‘ಟ್ರೈಬಲ್ ಡ್ಯಾನ್ಸ್’ ಆಗಿ, ಹದಿನೈದು ಸೆಕೆಂಡು, ಹೆಸರಿಲ್ಲದೆ. ಫ್ಲಾಹರ್ಟಿಯ ಕ್ಯಾಮೆರಾ ಈಗ ನಮ್ಮ ಜೇಬಿನಲ್ಲೇ ಇದೆ.

ಹಾಗಂತ ಫೋಟೊ ತೆಗೀಬೇಡಿ, ಸಿನಿಮಾ ನೋಡಬೇಡಿ ಅಂತ ನಾನು ಹೇಳಲ್ಲ. ‘ಥೀಫ್ ಆಫ್ ಬಾಗ್ದಾದ್’ ಮಕ್ಕಳ ಜೊತೆ ಕೂತು ನೋಡಿ, ಸಾಬುವಿನ ನಗು ನೋಡೋಕಾದ್ರೂ ನೋಡಿ. ಜೊತೆಗೆ ಮೂರು ಪ್ರಶ್ನೆ ಇಟ್ಟುಕೊಳ್ಳಿ. ಈ ಕಥೆ ಹೇಳ್ತಿರೋದು ಯಾರು? ಇದರಲ್ಲಿ ಕಾಣುವವರನ್ನು ಯಾರಾದರೂ ಒಂದು ಮಾತು ಕೇಳಿದ್ದಾರಾ? ಅವರಿಗೆ ಅವರದೇ ಹೆಸರು ಇದೆಯಾ? ಮಿಲ್‌ನ ಇತಿಹಾಸದಿಂದ ಹಿಡಿದು ನಿನ್ನೆ ರಾತ್ರಿ ಬಂದ ಫಾರ್ವರ್ಡ್‌ವರೆಗೆ ಎಲ್ಲದಕ್ಕೂ ಈ ಮೂರು ಸಾಕಾಗುತ್ತೆ.

ಮುಂದಿನ ಸಲ ಸಫಾರಿ ಮುಗಿಸಿ ಬಂದಾಗ ಆನೆಯ ಪಕ್ಕ ನಿಂತವರ ಫೋಟೊ ತೆಗೆಯುವ ಮುಂಚೆ ‘ನಿಮ್ಮ ಹೆಸರೇನಣ್ಣ?’ ಅಂತ ಕೇಳಿ. ಕೇಳಿದ ಮೇಲೆ ಪೋಸ್ಟ್‌ನಲ್ಲಿ ಅದನ್ನೂ ಬರೀರಿ.